ಸಾಕ್ಷಿ ಹೇಳಿದ ಮೇಲೆ

ಎಳೆಮಕ್ಕಳ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಸೂಜಿ ಮುರಿದರೆ ಕೆಲಸ ನಿಂತುಬಿಡುತ್ತದೆ. ಚೂರುಗಳನ್ನೆಲ್ಲ ಹುಡುಕಿ, ಹಾಳೆಯ ಮೇಲೆ ಜೋಡಿಸಿ, ಟೇಪು ಅಂಟಿಸಿ ಮೇಲ್ವಿಚಾರಕನಿಗೆ ಒಪ್ಪಿಸಬೇಕು. ಇಪ್ಪತ್ತೆರಡು ವರ್ಷ ಆಕೆ ಒಪ್ಪಿಸುತ್ತಲೇ ಬಂದಿದ್ದಳು. ಒಂದು ದಿನ ಮಾತ್ರ ತುದಿ ಸಿಗಲಿಲ್ಲ. ಹೊಲಿದ ಅಂಗಿಗಳನ್ನೆಲ್ಲ ತಪಾಸಣೆ ಯಂತ್ರದಲ್ಲಿ ಹಾಯಿಸಿದರು, ನೆಲ ಗುಡಿಸಿದರು, ಅವಳ ಚಪ್ಪಲಿಯನ್ನೂ ಕೊಡವಿಸಿದರು. ಕೊನೆಗೆ ಮೇಲ್ವಿಚಾರಕ, ಎಲ್ಲೋ ಹಾರಿಹೋಗಿರಬೇಕು, ಬಿಟ್ಟುಬಿಡು ಅಂದ. ಅವನೇನೋ ಬಿಟ್ಟ. ಅವಳಿಗೆ ಬಿಡಲಾಗಲಿಲ್ಲ.

ಅಂದಿನಿಂದ ಹೊಲಿದ ಪ್ರತಿ ಅಂಗಿಯನ್ನೂ ಕೆನ್ನೆಗೆ ಒತ್ತಿ ನೋಡುವುದು ಶುರುವಾಯಿತು. ಜೊತೆಯವರು ಸೂಜಿಯಕ್ಕ ಎಂದು ಹೆಸರಿಟ್ಟು ನಕ್ಕರು. ಮನೆಯಲ್ಲಿ ಹಾಸಿಗೆ, ದಿಂಬು, ಮೊಮ್ಮಗಳ ಕಾಲುಚೀಲ, ಯಾವುದನ್ನೂ ತಡವದೆ ಬಿಡಲಿಲ್ಲ. ಸೊಸೆ ಮೊದಮೊದಲು ಸಮಾಧಾನ ಹೇಳಿದಳು. ಆಮೇಲಾಮೇಲೆ ಮಗುವನ್ನೆತ್ತಿಕೊಂಡು ಒಳಕೋಣೆಗೆ ನಡೆದುಬಿಡುತ್ತಿದ್ದಳು.

ಒಂದು ಭಾನುವಾರ ಸಭೆಯಲ್ಲಿ ಪಾಸ್ಟರು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಎದೆ ಮೇಲಿದ್ದ ಕಲ್ಲನ್ನು ಯಾರೋ ಇಳಿಸಿಕೊಂಡ ಹಾಗಾಯಿತು. ದೇವರು ಮಾಡಿದ್ದನ್ನು ಎಲ್ಲರ ಮುಂದೆ ಸಾಕ್ಷಿ ಹೇಳಮ್ಮ ಅಂದರು. ಅವಳು ಎದ್ದು ನಿಂತು, ಕರ್ತನು ನನ್ನ ಭಯವನ್ನು ತೆಗೆದುಬಿಟ್ಟ ಎಂದು ಅತ್ತಳು. ಸಭೆಯೆಲ್ಲ ಸ್ತೋತ್ರ ಹೇಳಿ ಚಪ್ಪಾಳೆ ತಟ್ಟಿತು. ಮನೆಗೆ ಬಂದು ಬಟ್ಟೆ ಬದಲಿಸುವಾಗ ಬೆರಳು ತಾನಾಗಿ ತೋಳಿನ ಹೊಲಿಗೆಯ ಮೇಲೆ ಓಡಿತು. ಭಯ ಎಲ್ಲಿಗೂ ಹೋಗಿರಲಿಲ್ಲ, ಮನೆಯಲ್ಲೇ ಕಾದಿತ್ತು.

ಇದನ್ನು ಯಾರ ಮುಂದೆ ಬಾಯಿ ಬಿಡುವುದು? ಪಾಸ್ಟರ ಹೆಂಡತಿ ಆಗಲೇ ಮುಂದಿನ ತಿಂಗಳ ದೊಡ್ಡ ಕೂಟಕ್ಕೆ ಅವಳ ಹೆಸರು ಬರೆದುಕೊಂಡಿದ್ದರು. ಅದೇ ಸಾಕ್ಷಿಯನ್ನು ಇನ್ನೊಮ್ಮೆ, ಮೈಕಿನ ಮುಂದೆ ಹೇಳಬೇಕು. ಅದು ಸಾಲದೆಂಬಂತೆ ಮೂರು ತಿಂಗಳ ಕೂಸಿನ ತಾಯಿಯೊಬ್ಬಳನ್ನು ಅವಳ ಮನೆಗೆ ಕಳಿಸಿದರು. ಕೂಸು ಕೈಜಾರಿ ಬಿದ್ದೀತೆಂದು ಆ ಹುಡುಗಿಗೆ ಎತ್ತಿಕೊಳ್ಳಲೂ ಹೆದರಿಕೆ. ಸ್ನಾನವನ್ನಂತೂ ಗಂಡನೇ ಮಾಡಿಸಬೇಕಂತೆ.

"ದೊಡ್ಡಮ್ಮ, ನಿಮ್ಮ ಭಯ ಹೇಗೆ ಹೋಯ್ತು? ಏನಂತ ಪ್ರಾರ್ಥನೆ ಮಾಡಿದ್ರಿ?"

ಸೂಜಿಯಕ್ಕನ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿಯೇ ಇತ್ತು. ಆದರೆ ಹುಡುಗಿಯ ಕಣ್ಣಡಿಯ ಕಪ್ಪು ಕಂಡಿತು. ದಿನಾ ಕನ್ನಡಿಯಲ್ಲಿ ತಾನು ನೋಡುವ ಕಪ್ಪೇ ಅದು.

"ಹೋಗಿಲ್ಲಮ್ಮ."

"ಮತ್ತೆ ಸಭೇಲಿ ಹೇಳಿದ್ರಲ್ಲ?"

"ಹೇಳುವಾಗ ನಿಜವಾಗಿತ್ತು. ಮನೆ ಸೇರೋ ಹೊತ್ತಿಗೆ ಸುಳ್ಳಾಯ್ತು."

ಹುಡುಗಿಯ ಮುಖ ಸಣ್ಣದಾಯಿತು. ಹಾಗಾದರೆ ಇನ್ನೂ ಯಾಕೆ ಪ್ರಾರ್ಥನೆ ಮಾಡುತ್ತೀರಿ ಎಂದು ಕೇಳಿದಳು.

"ಇನ್ಯಾರ ಹತ್ರ ಹೇಳ್ಕೊಳ್ಲಿ? ಸೊಸೆ ಮೂರನೇ ಸಲಕ್ಕೇ ಎದ್ದು ಹೋಗ್ತಾಳೆ. ಆತ ನೂರು ಸಲ ಹೇಳಿದ್ರೂ ಕೂತಿರ್ತಾನೆ. ಕೇಳಿಸ್ಕೊಳ್ತಾನೋ ಇಲ್ವೋ, ಎದ್ದಂತೂ ಹೋಗಲ್ಲ."

ಹುಡುಗಿ ನಗಲಿಲ್ಲ. ಹೆಚ್ಚು ಹೊತ್ತು ಕೂರಲೂ ಇಲ್ಲ.

ಮಾರನೆಯ ದಿನ ಸೂಜಿಯಕ್ಕ ಪಾಸ್ಟರ ಮನೆಗೆ ಹೋಗಿ, ಕೂಟದ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ ಅಂದಳು. ಪಾಸ್ಟರ ಹೆಂಡತಿ ಬೈಯಲಿಲ್ಲ. ನಂಬಿಕೆ ಎಲ್ಲೋ ಸಡಿಲವಾಗಿರಬೇಕು, ಉಪವಾಸ ಮಾಡಿ ನೋಡು ಎಂದು ಮೆತ್ತಗೆ ಹೇಳಿ ಹೆಸರಿನ ಮೇಲೆ ಗೀಟು ಎಳೆದರು. ಬೈದಿದ್ದರೇ ವಾಸಿ ಇತ್ತು ಅನಿಸಿತು ಅವಳಿಗೆ.

ಕೂಟದ ದಿನ, ಸೊಂಟನೋವು ವಾಸಿಯಾದ ಬಡಗಿಯೊಬ್ಬ ಸಾಕ್ಷಿ ಹೇಳಿದ. ಜನ ಚಪ್ಪಾಳೆ ತಟ್ಟಿದರು. ಸೂಜಿಯಕ್ಕ ಹಿಂದಿನ ಸಾಲಿನಲ್ಲಿ ಒಬ್ಬಳೇ ಕೂತಿದ್ದಳು. ಅಂದು ಅವಳ ಸಾಕ್ಷಿಗೆ ಚಪ್ಪಾಳೆ ತಟ್ಟಿದವರು ಯಾರೂ ಈಗ ಪಕ್ಕ ಸುಳಿಯುತ್ತಿರಲಿಲ್ಲ. ಹಾಡು ಎತ್ತಿಕೊಂಡಾಗ ಆ ಹುಡುಗಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಕೂಸನ್ನು ಇವಳ ಮಡಿಲಿಗೆ ದಾಟಿಸಿದಳು.

"ಹಿಡ್ಕೊಳ್ಳಿ. ಕೈ ನಡುಗ್ತಿದೆ."

"ನನ್ನ ಕೈಯೇನು ಕಬ್ಬಿಣದ್ದಾ?"

ಕಡೆಗೆ ನಾಲ್ಕು ಕೈಯೂ ಕೂಸಿನ ಕೆಳಗಿದ್ದವು. ಸೂಜಿಯಕ್ಕ ಕಣ್ಣು ಮುಚ್ಚಿದಳು. ಈ ಸಲ ದೊಡ್ಡದೇನನ್ನೂ ಬೇಡಲಿಲ್ಲ. ಈ ಹಾಡು ಮುಗಿಯುವ ತನಕ ನೆಮ್ಮದಿ ಕೊಟ್ಟರೆ ಸಾಕು ಕರ್ತನೇ ಅಂದಳು.

ಹಾಡಿಗೆ ಆರು ಚರಣಗಳಿದ್ದವು. ನಾಲ್ಕನೆಯದರವರೆಗೆ ಸಿಕ್ಕಿತು.