ಹನ್ನೆರಡನೆಯ ಕುರ್ಚಿ

ಚೌರಪ್ಪ ಸೊಂಟದಿಂದಲೇ ತಳ್ಳಿದ. ಮರಿಯಯ್ಯ ಕುರ್ಚಿಯ ಹಿಡಿ ಬಿಡಲಿಲ್ಲ. ಒಂದೇ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಅರ್ಧರ್ಧ ಕೂತ ಇಬ್ಬರು ದಾಯಾದಿಗಳು.

"ಏಳ್ಲಾ ಮರಿಯ, ನಾನು ಕುಂತ್ಕೋಬೇಕು."

"ಓದ್ ವರ್ಸನೂ ನೀನೇ ಕುಂತಿದ್ದೆ. ಇನ್ನೂ ಒಟ್ಟೆ ತುಂಬ್ನಿಲ್ವಾ?"

ಪವಿತ್ರ ಗುರುವಾರದ ಸಂಜೆ. ಯೇಸು ಶಿಷ್ಯರ ಕಾಲು ತೊಳೆದದ್ದನ್ನು, ಒಬ್ಬ ಶಿಷ್ಯ ಮೊದಲು ಕಾಲು ಕೊಡುವುದಿಲ್ಲ ಎಂದದ್ದನ್ನು ಈಗಷ್ಟೇ ಓದಿ ಮುಗಿಸಿದ್ದರು. ಚರ್ಚಿನ ಪೀಠದ ಮುಂದೆ, ಶಿಷ್ಯರ ಸ್ಥಾನದಲ್ಲಿ ಕೂರುವ ಊರಿನ ಹನ್ನೆರಡು ಗಂಡಸರಿಗೆ ಹನ್ನೆರಡು ಕುರ್ಚಿಗಳು; ಇದು ಕೊನೆಯದು. ಆ ತುದಿಯಿಂದ ಫಾದರ್ ಒಬ್ಬೊಬ್ಬರ ಕಾಲು ತೊಳೆಯುತ್ತ ಬರುತ್ತಿದ್ದರು, ಜೊತೆಗೆ ಹೂಜಿ ಹಿಡಿದ ಉಪದೇಶಿ.

ಈ ವರ್ಷ ಮರಿಯಯ್ಯನ ಸರದಿ ಎಂದು ಚೌರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮಗಳನ್ನು ನೋಡಲು ಪಾಂಡವಪುರದಿಂದ ಬಂದ ಗಂಡಿನ ಕಡೆಯವರು ಮೂರನೇ ಬೆಂಚಿನಲ್ಲಿದ್ದರು. 'ಹನ್ನೆರಡರಲ್ಲಿ ನಾನೊಬ್ಬ' ಎಂದು ಊಟಕ್ಕೆ ಕೂತಾಗಲೇ ಅವರಿಗೆ ಹೇಳಿಬಿಟ್ಟಿದ್ದ. ಬೆಳಗ್ಗೆಯೇ ಕಾಲುವೆಯಲ್ಲಿ ಹಿಮ್ಮಡಿ ತಿಕ್ಕಿ ಎಣ್ಣೆ ಹಚ್ಚಿಕೊಂಡಿದ್ದ. ಈಗ ಎದ್ದು ಹೋದರೆ ಮುಖ ಎಲ್ಲಿಡುವುದು?

ಮರಿಯಯ್ಯ ಕಬ್ಬಿಗೆ ನೀರು ಕಟ್ಟಿ ನೇರವಾಗಿ ಬಂದಿದ್ದ. ಮೀನಖಂಡದವರೆಗೆ ಕೆಸರು.

"ಥೂ, ನಿನ್ ಕಾಲ್ ನೋಡ್ಲಾ. ಫಾದ್ರು ಕಾಲ್ ತೊಳೀಬೇಕೋ ಗದ್ದೆ ತೊಳೀಬೇಕೋ?"

"ಕೊಳೆ ಇದ್ರೆ ತಾನೇ ತೊಳ್ಯಾದು? ನೀನು ತೊಳ್ಕಂಡೇ ಬಂದಿದ್ದೀಯಲ್ಲ, ಎದ್ದು ಮನೆಗೋಗು!"

ಹಿಂದೆ ಯಾರೋ ಕಿಸಕ್ಕೆಂದರು. ಚೌರಪ್ಪನ ಕಿವಿ ಕೆಂಪಾಯಿತು. ಮೈಯೆಲ್ಲ ಬಲ ಹಾಕಿ ನೂಕಿದ. ಮರಿಯಯ್ಯ ಅಷ್ಟರಲ್ಲಿ ಪಕ್ಕಕ್ಕೇ ಬಂದಿದ್ದ ಉಪದೇಶಿಯ ಮೊಣಕಾಲಿಗೆ ಬಡಿದು ಬಿದ್ದ, ಹೂಜಿಯ ನೀರೆಲ್ಲ ಅವನ ಮೇಲೆ. ಹಾಡು ನಿಂತಿತು.

ಕುರ್ಚಿ ಈಗ ಪೂರ್ತಿ ಚೌರಪ್ಪನದು. ಗೆದ್ದಿದ್ದ! ಕೆಳಗೆ ಮರಿಯಯ್ಯ ಮೊಣಕೈ ಉಜ್ಜಿಕೊಳ್ಳುತ್ತಿದ್ದ. ಅವನ ಕಾಲಿನ ಕೆಸರು ಬಿಳಿ ಟೈಲ್ಸ್ ಮೇಲೆ ಹರಿದು ಚೌರಪ್ಪನ ತಿಕ್ಕಿದ ಪಾದಗಳವರೆಗೂ ಬಂತು. ಕಾಲು ತೊಳೆಸಿಕೊಳ್ಳಲು ಮನುಷ್ಯನನ್ನು ಕೆಡವಿದ್ದೇನೆ ಎಂದು ಆಗ ಹೊಳೆಯಿತು. ಮೊದಲು ನಾಚಿಕೆ. ಅದರ ಬೆನ್ನಿಗೇ ತೂಬು ಎತ್ತಿದಾಗ ನೀರು ನುಗ್ಗುವಂತೆ ಎದೆಗೆ ಏನೋ ನುಗ್ಗಿತು. ಬೀಗರು ಏನೆಂದುಕೊಂಡರೇನು? ಕುರ್ಚಿ ಯಾರಿಗೆ ಬೇಕು? ಪ್ರತಿ ಭಾನುವಾರ ಪ್ರಾರ್ಥನೆಯಲ್ಲಿ ತಾನು ಬಾಯಿಪಾಠ ಒಪ್ಪಿಸುವಂತೆ ಕರೆಯುತ್ತಿದ್ದ ಪವಿತ್ರಾತ್ಮರು ಹೀಗೆ ಹೇಳದೆ ಕೇಳದೆ ಬಂದುಬಿಡುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ.

ಎದ್ದ. ಫಾದರ್ ಹೆಗಲಿನ ಟವೆಲ್ಲಿಗೆ ಕೈ ಹಾಕಿದ.

"ಚೌರಪ್ಪ, ಏನಿದು?"

"ವಸಿ ಕೊಡಿ ಫಾದರ್, ವಸಿ ಕೊಡಿ!"

ಇಸ್ತ್ರಿ ಮಾಡಿದ ಪಂಚೆಯಲ್ಲೇ ಕೆಸರುನೀರಿನಲ್ಲಿ ಮೊಣಕಾಲೂರಿದ. ಮೂರನೇ ಬೆಂಚಿನಲ್ಲಿ ಗಂಡಿನ ತಾಯಿ ಬಾಯಿಗೆ ಸೆರಗು ಹಿಡಿದರು. ನೋಡಲಿ! ಅವನಿಗೆ ನಗು ಉಕ್ಕುತ್ತಿತ್ತು, ಕಣ್ಣೂ ಉರಿಯುತ್ತಿತ್ತು.

"ತಪ್ಪಾಯ್ತು ಕಣ್ಲಾ ಮರಿಯ. ಸರದಿ ನಿಂದೇ. ಎದ್ದು ಕುಂತ್ಕೊ. ಕಾಲು ಕೊಡು, ನಾನೇ ತೊಳೀತೀನಿ."

ಮರಿಯಯ್ಯ ನಿಧಾನವಾಗಿ ಎದ್ದು ಕುರ್ಚಿಯಲ್ಲಿ ಕೂತ. ತನ್ನ ಮುಂದೆ ಚಾಚಿದ್ದ ಎರಡು ಕೈಗಳನ್ನು ನೋಡಿದ. ಕೆಸರುಗಾಲುಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡ.

"ಕೊಡಾಕಿಲ್ಲ," ಎಂದ.