ರೆಕ್ಕೆಯ ಮೇಲಿನ ಕಣ್ಣು

ಮುನಿರತ್ನಮ್ಮ ಗಂಡನ ಚಾಪೆ, ದಿಂಬು, ಹಳೇ ಸ್ವೆಟರು ಒಂದೊಂದನ್ನೇ ಎತ್ತಿ ಎಸೆಯುತ್ತ ಬೀದಿಯ ಕಸದ ಗುಡ್ಡೆ ಕೆದಕುತ್ತಿದ್ದಳು. ಅವಳ ಬೆನ್ನ ಹಿಂದೆ, ನಂದಿದುರ್ಗ ಗಣಿಯ ಕೂಲಿಗಳ ಲೈನ್ ಮನೆಯ ಮುಂದೆ, ಹೂ ಹೊದಿಸಿದ ಗಂಡ ಆದಿನಾರಾಯಣನ ಹೆಣ ಚಟ್ಟದ ಮೇಲೆ ಕಾಯುತ್ತಿತ್ತು. ತಮಟೆಯವರು ಇನ್ನೊಂದು ಬೀಡಿ ಹಚ್ಚಿದರು.

"ಅಕ್ಕಾ, ಬಿಸ್ಲು ಏರ್ತಾ ಅದೆ. ಏನ್ ಉಡುಕ್ತೀಯ?" ಎಂದ ತಮ್ಮ ಚಲಪತಿ.

"ನಿಮ್ಮ ಬಾವನ ಗಾಜಿನ ಸೀಸೆ. ಹೆಣ ಒಸ್ಲು ದಾಟೋದೇ ತಡ, ನಿನ್ನ ಮಗಳು ಮನೆ ಗುಡಿಸಿ ಎಲ್ಲಾ ತಂದು ಸುರಿದವ್ಳೆ."

ಪುಷ್ಪ ಪೊರಕೆ ಹಿಡಿದೇ ಬಂದಳು. "ಅದ್ರಾಗೆ ಒಣಗಿದ ಉಲ್ಲು, ಒಂದು ಉಳ. ನೀನೇ ದಿನಾ ಬೈತಿದ್ದೆ ಕಣತ್ತೆ, ಬಿಸಾಕು ಅಂತ."

"ನಾನು ಬೈತೀನಿ. ಬಿಸಾಕಕ್ಕೆ ನೀನ್ಯಾರೇ?"

*

ತಾನು ದುಡಿಯುತ್ತಿದ್ದ ಚಿನ್ನದ ಗಣಿ ಮುಚ್ಚಿದ ಮೇಲೆ ಆದಿನಾರಾಯಣ ಬಂಗಾರಪೇಟೆ ರೈಲಿನಲ್ಲಿ ಕಡಲೆಕಾಯಿ ಮಾರಿದ. ಬುಟ್ಟಿ ಇಳಿಸಿದವನೇ ಹಿತ್ತಲ ಹುಲ್ಲಿನಲ್ಲಿ ಮಂಡಿಯೂರುತ್ತಿದ್ದ. ಅಲ್ಲಿ ಕಂದು ಬಣ್ಣದ ಪುಟ್ಟ ಚಿಟ್ಟೆಗಳು. ಮಳೆಗಾಲದವಕ್ಕೆ ರೆಕ್ಕೆಯಂಚಿನಲ್ಲಿ ಕಣ್ಣಿನಂಥ ಬೊಟ್ಟುಗಳ ಸಾಲು. ಚಳಿಗಾಲದವಕ್ಕೆ ಬೊಟ್ಟೇ ಇಲ್ಲ, ಬರೀ ತರಗೆಲೆ.

"ಎರಡೂ ಒಂದೇ ಜಾತಿ ಕಣೇ."

"ಕುರೀನೂ ಮೇಕೇನೂ ಒಂದೇ ಅನ್ನು."

ಎಷ್ಟೋ ವರ್ಷ ತಟ್ಟೆಯ ಮುಂದೆ ಇದೇ ಜಗಳ. ಈ ಸಲ ಚಳಿ ಶುರುವಾಗುವಾಗ ಅವಳೆದುರಿಗೇ, ಕಣ್ಣಿರುವ ಚಿಟ್ಟೆ ಇಟ್ಟ ಮೊಟ್ಟೆಯನ್ನು ಹುಲ್ಲಿನ ಸಮೇತ ಸೀಸೆಗೆ ಹಾಕಿದ.

"ಇದು ಕಣ್ಣಿಲ್ದೆ ಬಂದ್ರೆ ನೀನು ಒಪ್ಕೋಬೇಕು. ಒಲೆ ಅತ್ರ ಮಾತ್ರ ಇಡ್ಬೇಡ. ಬಿಸಿ ತಗುಲಿದ್ರೆ ಕಣ್ಣು ಮೂಡಿಬಿಡ್ತವೆ."

"ಸೋಲಕ್ಕೆ ಈಗ್ಲೇ ನೆಪ ಉಡುಕ್ಕೋ," ಅಂದಿದ್ದಳು.

ಹುಳ ಹಸಿರು ಗೂಡಾಗಿ ನೇತುಬಿತ್ತು. ಅದು ಒಡೆಯುವ ಮುಂಚೆಯೇ ಅವನು ಹೋದ.

*

ಸೀಸೆ ಸಿಕ್ಕಿದ್ದು ಸ್ವೆಟರಿನ ತೋಳಿನೊಳಗೆ. ಗೂಡು ಹುಲ್ಲಿನ ಎಸಳಿಗೆ ಅಂಟಿಕೊಂಡೇ ಇತ್ತು.

"ಬಾವ ಚಿಟ್ಟೆ ಆಗಿ ಬತ್ತಾನೆ ಅಂತಾನಾ?" ಚಲಪತಿಗೆ ರೇಗಿಹೋಗಿತ್ತು.

"ಅವನ್ಯಾಕೆ ಬತ್ತಾನೆ. ಬಂದ್ರೆ ತಿರುಗಾ ಅದೇ ಜಗಳ. ಎತ್ತು, ನಡಿ."

ತಮಟೆ ಬೀದಿ ತಿರುಗುವವರೆಗೆ ನಿಂತಿದ್ದು ಅವಳು ಒಳಗೆ ಬಂದಳು. ಅವನ ತಲೆಯಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಸೀಸೆಯನ್ನು ಅವನು ಇಡುತ್ತಿದ್ದುದೂ ಅಲ್ಲೇ, ಗೋಡೆಯ ಮಗ್ಗುಲಿಗೆ. ಅಲ್ಲೇ ಇಟ್ಟಳು. ಆಮೇಲೆ ಬಗ್ಗಿ ದೀಪವನ್ನು ಗೇಣು ದೂರ ತಳ್ಳಿದಳು.

"ಅತ್ತೇ, ದೀಪ ಕದಲಿಸಬಾರ್ದು," ಎಂದಳು ಪುಷ್ಪ.

ಮುನಿರತ್ನಮ್ಮ ಅಂಗೈಯಿಂದ ಸೀಸೆಯ ಗಾಜನ್ನು ಮುಟ್ಟಿ ನೋಡಿದಳು. ಇನ್ನೂ ಬೆಚ್ಚಗಿತ್ತು. ದೀಪವನ್ನು ಮತ್ತೆ ಮೊಳದಷ್ಟು ಅತ್ತ ಸರಿಸಿದಳು.