ಶೋಳಾವರಂ ನಂಜಪ್ಪ

ಹಾಸನದಿಂದ ಹೊಳೆನರಸೀಪುರಕ್ಕೆ ನಂಜಪ್ಪ ಕಾರು ಬಿಟ್ಟನೆಂದರೆ ಅವನ ನೆರಳೇ ಹಿಂದೆ ಬೀಳುತ್ತಿತ್ತು, ಮೊಸಳೆ ಊರಿನ ಹತ್ತಿರ ಉಸ್ಸೆಂದು ಕೂತು, ಮುಂದಿನ ಬಸ್ಸಿಗೆ ಟಿಕೆಟ್ಟು ತೆಗೆದು ಬರುತ್ತಿತ್ತು, ಟಿಕೆಟ್ಟು ಬೇಕಾದರೆ ತೋರಿಸಿಯಾನು — ಈಗ ಅವನ ಮುಂದಿನ ಸ್ಟೀರಿಂಗು ಕಾದ ಕಾವಲಿಯಾಗಿದೆ, ಅರಕಲಗೂಡಿನ ಮಧ್ಯಾಹ್ನದ ಬಿಸಿಲೆಲ್ಲ ಬಂದು ಇದರ ಮೇಲೇ ಕೂತಿದೆ, ಕೈ ಇಡಲಾಗದು, ತೆಗೆಯಲೂ ಆಗದು, ಬೀದಿಯೇ ನೋಡುತ್ತಿದೆ. ಹಿಂದಿನ ಸೀಟಿನಲ್ಲಿ ತಂಗಿ ರೇವಮ್ಮ. ಪಕ್ಕದ ಕನ್ನಡಿಯಲ್ಲಿ ಅವಳ ಮುಖವಿಲ್ಲ, ಬಾಗಿಲಿನಾಚೆ ಚಾಚಿದ ಒಂದು ಕಾಲು, ಬೆರಳಲ್ಲಿ ಕಾಲುಂಗುರ, ಅಷ್ಟೇ. ಕೂಸು ಅಡ್ಡ ತಿರುಗ್ಬುಟ್ಟೈತೆ ಕಣವ್ವಾ, ನನ್ ಕೈಲಾಗಕಿಲ್ಲ, ಆಸನದ ಆಸ್ಪತ್ರೆಗೆ ತಕ್ಕಂಡೋಗಿ ಎಂದಳು ಸೂಲಗಿತ್ತಿ ಬೆಟ್ಟಮ್ಮ, ಎಂದದ್ದು ಯಾವಾಗ, ಹಾಸನದ ಬಸ್ಸು ಮನೆ ಮುಂದೆಯೇ ನಿಂತಿದ್ದಾಗ, ಕಂಡಕ್ಟರು ಅತ್ತಿಸ್ರವ್ವಾ, ಸೀಟು ಬುಡ್ಸಿಕೊಡ್ತೀನಿ ಎಂದು ಕೂಗುತ್ತಿದ್ದಾಗ, ಅವ್ವ ಸುಬ್ಬಮ್ಮ ಸೆರಗು ಸಿಕ್ಕಿಸಿ, ನಿನ್ ಲಡಾಸು ಯಾರಿಗ್ ಬೇಕಪ್ಪಾ, ನನ್ ಮಗ ಮದ್ರಾಸ್ನಾಗೆ ರೇಸ್ ಗೆದ್ದೋನು, ನೀನು ಕೆರೆ ಏರಿ ದಾಟೋದ್ರೊಳ್ಗೆ ಅವ್ನು ಆಸನದಾಗಿರ್ತಾನೆ, ಓಗು — ಎಂದಳಲ್ಲ, ಬಸ್ಸು ಹೋಯಿತಲ್ಲ, ಇವನು ಪಕ್ಕದಲ್ಲೇ ನಿಂತು ಮೀಸೆಯ ಮೇಲೆ ಕೈಯಾಡಿಸಿದನಲ್ಲ, ಆ ಕೈ ಬಸ್ಸಿಗೆ ಅಡ್ಡ ಹೋಗಬಾರದಿತ್ತೇ, ಇನ್ನು ಸಂಜೆಯವರೆಗೂ ಬೇರೆ ಬಸ್ಸಿಲ್ಲ. ಪಕ್ಕದ ಮನೆಯ ಹುಚ್ಚಯ್ಯನ ಬಾಡಿಗೆ ಪ್ಲಿಮತ್ತು ಕಾರು ಇದು, ವಾರದಿಂದ ನಿಂತಲ್ಲೇ ನಿಂತಿದೆ, ಅವನ ಬಲಗೈ ಪುತ್ತೂರು ಕಟ್ಟಿನಲ್ಲಿ ಕೊರಳಿಗೆ ಜೋತುಬಿದ್ದಿದೆ, ಆದರೂ ಕಿಟಕಿಗೆ ಬಗ್ಗಿ ನಗುತ್ತಾನೆ, ನನ್ ಕೈ ಮುರ್ದಿದ್ದೂ ಒಳ್ಳೇದೇ ಆಯ್ತು ಬುಡು, ಶೋಳಾವರಂ ನಂಜಪ್ಪ ನನ್ ಗಾಡಿ ಮುಟ್ಟಂಗಾಯ್ತು, ಆಕಣ್ಣ ಗೇರು.

ಮದ್ರಾಸಿನ ಹತ್ತಿರದ ಶೋಳಾವರಂ, ಐವತ್ತೈದರಲ್ಲಿ ಹೋಗಿ ಅರವತ್ತಮೂರರಲ್ಲಿ ಬಂದ, ವಿಮಾನ ಇಳಿಯುತ್ತಿದ್ದ ಹಳೇ ಮೈದಾನ, ತಿರುವಿಗೆ ಹುಲ್ಲಿನ ಮೂಟೆ, ಸುಟ್ಟ ಟೈರಿನ ವಾಸನೆ, ಇವನ ಸಕಲೇಶಪುರದ ಯಜಮಾನರು ಸೀಟು ಕಿತ್ತು ರೇಸಿಗೆ ಹದ ಮಾಡಿಸಿದ ಸಾದಾ ಕಾರು, ಮೂರು ಚಕ್ರ ಕಳಚಿದರೂ ಒಂದೇ ಚಕ್ರದಲ್ಲಿ ಗೆದ್ದದ್ದು — ಚನ್ನರಾಯಪಟ್ಟಣದ ಸಂತೆಯಲ್ಲಿ ಅದನ್ನು ಹೇಳಿದಾಗ ಎಮ್ಮೆ ಮಾರಲು ಬಂದವರು ಎಮ್ಮೆಯನ್ನೇ ಮರೆತರು, ಉಳ್ದಿದ್ ಚಕ್ರ ಮುಂದಿಂದೋ ಇಂದಿಂದೋ ಅಣ್ಣಾ ಎಂದನೊಬ್ಬ, ನಡುವಿನದು ಎಂದ ಇವನು, ಹೌದೆಂದು ತಲೆದೂಗಿದರಲ್ಲ, ಯಾರಾದರೂ ಒಬ್ಬ ಅಂದೇ ನಕ್ಕು ಉಗಿದಿದ್ದರೆ. ರೇಸಿನ ಕಪ್ಪನ್ನು ಇವನು ಕೈಯಲ್ಲಿ ಹಿಡಿದ ಫೋಟೊಗೆ ಅವ್ವ ದೇವರ ಪಟದ ಪಕ್ಕ ದಿನವೂ ಹೂವಿಡುತ್ತಾಳೆ. ಕಾಲುಂಗುರ ನಡುಗುತ್ತಿದೆ. ಎಡಗಾಲಿನದು ಕ್ಲಚ್ಚು, ಎಂಟು ವರ್ಷ ನೋಡಿದ್ದಾನೆ, ನೋಡಿದ್ದು ಕಾಲಿಗೆ ಇಳಿಯುವುದಿಲ್ಲವೇ, ಕೀಲಿ ತಿರುಗಿತು, ಗೇರು ಕರಕರ ಹಲ್ಲು ಕಡಿಯಿತು, ಕಾರು ಕಪ್ಪೆಯಂತೆ ಒಮ್ಮೆ ನೆಗೆದು ಸತ್ತು ನಿಂತಿತು, ರೇವಮ್ಮ ಕಿರುಚಿದಳು, ಅಯ್ಯೋ ಅಣ್ಣಯ್ಯಾ. ಹುಚ್ಚಯ್ಯನ ನಗು ಎಲ್ಲಿಗೆ ಹೋಯಿತು, ನಂಜಣ್ಣಾ, ನಿನ್ ಕಾಲು ಯಾವ್ದರ್ ಮ್ಯಾಲೈತೆ, ಇಲ್ನೋಡು, ನನ್ ಮಖ ನೋಡ್ಕಂಡ್ ಯೋಳು, ನಿಂಗ್ ಗಾಡಿ ಓಡ್ಸಕ್ ಬತ್ತದಾ? ಏನ್ಲಾ ಅಂಗ್ ಕೇಳ್ತೀಯ ಅವ್ನ, ಬುಡ್ಲಾ ಮಗಾ, ಬೇಗ ಬುಡು ಎಂದಳು ಅವ್ವ, ಇನ್ನೂ ನಂಬಿಕೊಂಡು. ಸುಳ್ಳು ಇನ್ನೊಂದು ಬೇಕು, ಒಂದೇ ಒಂದು, ಜೀವಮಾನವಿಡೀ ಕರೆಯದೆ ಬಂದವು, ಈಗ ಒಂದೂ ಬರುತ್ತಿಲ್ಲ — ನಂಗ್ ಬರಕಿಲ್ಲ ಕಣವ್ವಾ. ಟೈರು ಬಿಚ್ತಿದ್ದೆ. ಕೆಟ್ಟೋದ ಕಾರ ನಾಕ್ ಜನ ತಳ್ಳೋವಾಗ ಒಳ್ಗೆ ಕುಂತು ಸ್ಟೇರಿಂಗ್ ಇಡ್ಕಂತಿದ್ದೆ, ಅಷ್ಟೇಯ. ಫೋಟೋದಾಗಿರೋ ಕಪ್ಪು ಯಜಮಾನ್ರುದು, ಅವ್ರು ಮಖ ತೊಳ್ಯಕ್ಕೋಗಿದ್ರು. ಅವ್ವ ಬಸ್ಸು ಹೋದ ದಾರಿಯ ಕಡೆ ತಿರುಗಿದಳು, ಬಯ್ಯವ್ವಾ, ಕನ್ನಡಿಯಲ್ಲಿ ಕಾಲು, ಬೆರಳು ನೋವಿಗೆ ಒಳಕ್ಕೆ ಮಡಚಿಕೊಂಡಿವೆ, ಬಿಡಿಸಿಕೊಳ್ಳುತ್ತಿಲ್ಲ, ಸಂಜೆಯ ಬಸ್ಸು ಇನ್ನೂ ಎಷ್ಟು ದೂರ, ಬಿಸಿಲು, ಕಾಲುಂಗುರ, ಮಡಚಿದ ಬೆರಳು, ಕಾಲುಂಗುರ